ಕಂಡದ್ದು, ಅನಿಸಿದ್ದು

ಒದ್ದೆ ಗೋಣಿಚೀಲ ನನ್ನ ಕಾಲ್ಬೆರಳಿಗೆ ತಾಗುತ್ತಿದೆ, ತಣ್ಣಗಿದೆ, ಒಳಗೆ ಮೆಂತ್ಯಪಲ್ಯ, ಅದರ ಕಹಿ ವಾಸನೆ ಡೀಸೆಲ್ ವಾಸನೆಯ ಜೊತೆ ಕಲೆತು ಮೂಗಿಗೆ ಬಡಿಯುತ್ತಿದೆ, ಇದು ತಾಗಿದ್ದು, ಇದು ಕಂಡದ್ದು, ಇದರಲ್ಲಿ ಅನಿಸಿದ್ದು ಏನೂ ಇಲ್ಲ — ವಾಣಿಶ್ರೀ ಮೇಡಂ ಹೇಳಿಕೊಟ್ಟದ್ದು ಹೀಗೇ, ಕಂಡದ್ದೇನು ಅನಿಸಿದ್ದೇನು, ಎರಡನ್ನೂ ಬ್ಯಾರೆ ಬ್ಯಾರೆ ಇಡ್ರಿ ಶಿವಯೋಗಿ, ಅಂಜಿಕಿ ಬಂದಾಗ ಮೈಗೆ ಏನು ತಾಗೇತಿ ಅದರ ಹೆಸರು ಹೇಳ್ಕೋರಿ. ಗೋಣಿಚೀಲ. ಮುಂದಿನ ಸೀಟಿನ ಕಬ್ಬಿಣದ ಸರಳು, ಅಂಟಂಟು. ಅಂಗಿಯ ಕಿಸೆಯಲ್ಲಿ ಟಿಕೆಟ್ಟು. ಟಿಕೆಟ್ಟನ್ನು ನಾನೇ ಕೇಳಿ ತೆಗೆದುಕೊಂಡೆ, ಗದಗ ಒಂದು ಎಂದೆ, ಕಂಡಕ್ಟರ್ ನನ್ನ ಮುಖವನ್ನು ಎರಡನೇ ಸಲ ನೋಡಲಿಲ್ಲ, ಎಷ್ಟು ವರ್ಷವಾಯಿತು ಒಬ್ಬ ಮನುಷ್ಯ ನನ್ನನ್ನು ಹೀಗೆ ನೋಡದೆ ಬಿಟ್ಟು. ಲಕ್ಷ್ಮೇಶ್ವರ ದಾಟಿದೆ, ಶಿರಹಟ್ಟಿ ಮೇಲೆ ಹೋಗುವ ಬಸ್ಸು, ಪಕ್ಕದಲ್ಲಿ ಪಲ್ಯದ ಚೀಲದ ಮುದುಕಿ, ಆಕೆಯ ಆಚೆ ಯಾರೂ ಇಲ್ಲ, ಅಣ್ಣ ಇಲ್ಲ. ಬಸ್ಸಿನಲ್ಲಿ ಎಡಕ್ಕೆ ತಿರುಗಿದರೆ ಅಣ್ಣನ ಭುಜ ಇರುತ್ತಿತ್ತು, ಹಗ್ಗದ ಅಂಗಡಿಯ ನಾರಿನ ವಾಸನೆಯ ಭುಜ, ಆ ಭುಜಕ್ಕೆ ತಲೆ ಇಟ್ಟು ನಿದ್ದೆ ಮಾಡುತ್ತಾ ನಾನು ಮೂವತ್ತು ದಾಟಿದ ಗಂಡಸು ಬೆಟಗೇರಿಗೆ ಹೋಗಿಬರುತ್ತಿದ್ದೆ, ಅಂಗಡಿಗೆ ಬೀಗ ಹಾಕಿ ಅವನು ನನ್ನ ಜೊತೆ, ಗಿರಾಕಿಗಳು ತಿರುಗಿ ಹೋಗುತ್ತಿದ್ದರು. ಇವತ್ತು ಒಬ್ಬನೇ. ಬೆಳಿಗ್ಗೆ ಅವ್ವ ಬುತ್ತಿ ಕಟ್ಟಿಕೊಡುತ್ತಾ ಅಳುವುದನ್ನು ತಡೆದುಕೊಂಡಳು, ಅಣ್ಣ ಮಾತ್ರ ಆರಾಮಾಗಿಯೇ ಇದ್ದ, ಹೋಗಿ ಬಾ ತಮ್ಮಾ, ನಾ ಬರಂಗಿಲ್ಲ, ಮೇಡಂಗ ಮಾತು ಕೊಟ್ಟೇನಿ, ನಾ ಅಂಗಡ್ಯಾಗ ಇರ್ತೇನಿ ಎಂದ, ಎಂದವನು ಚಪ್ಪಲಿ ಹುಡುಕುತ್ತಿದ್ದ, ನನ್ನ ಮುಖ ನೋಡಲಿಲ್ಲ.

ಮುದುಕಿ ಕೇಳುತ್ತಾಳೆ, ಎಲ್ಲಿಗೆ ಹೊಂಟೀಯಪ್ಪಾ, ಬೆಟಗೇರಿಗೆ ಬೇ, ಕೆಲಸಕ್ಕೇನು, ಹೂಂ ಕೆಲಸಕ್ಕ — ಸುಳ್ಳಲ್ಲ, ಸೋಮವಾರದಿಂದ ಖರೆ ಆಗುವ ಮಾತು, ವಾಣಿಶ್ರೀ ಮೇಡಂ ಕೊಡುವುದು ಔಷಧಿಯಲ್ಲ, ಕೆಲಸ, ಔಷಧಿ ಬರೆಯುವ ಡಾಕ್ಟರು ಬೇರೆ, ಇವರು ಕೈಗೆ ಕೆಲಸ ಕೊಟ್ಟು ತಲೆಯನ್ನು ಹಳಿಗೆ ತರುವ ವಿದ್ಯೆ ಕಲಿತು ಬಂದವರು, ಆಕ್ಯುಪೇಶನಲ್ ಥೆರಪಿ ಎಂದು ಬಾಗಿಲ ಮೇಲೆ ಬರೆದಿದೆ. ಮೊದಲು ಬಟ್ಟೆ ಮಡಚಲು ಹಚ್ಚಿದರು, ನನ್ನ ಕೈ ನಡುಗುತ್ತಿತ್ತು, ಗುಳಿಗೆಯ ನಡುಕ, ಆಮೇಲೆ ಬದನೆಕಾಯಿ ಹೆಚ್ಚಲು, ಆಮೇಲೆ ಓಣಿಯ ಅಂಗಡಿಗೆ ಹೋಗಿ ಉಪ್ಪು ತರಲು, ಒಂದು ದಿನ ಉಪ್ಪಿನ ಬದಲು ಸೋಡಾ ತಂದೆ, ಎಲ್ಲರೂ ನಕ್ಕರು, ನಾನೂ ನಕ್ಕೆ, ನಕ್ಕದ್ದು ನನಗೇ ಕೇಳಿಸಿತು. ಆಮೇಲೆ ಪುಸ್ತಕದ ಹಾಳೆ. ಗದಗಿನ ಪ್ರೆಸ್ಸುಗಳಿಂದ ಅಚ್ಚಾದ ಹಾಳೆಗಳು ಬರುತ್ತವೆ, ದೊಡ್ಡ ಹಾಳೆ, ಅದನ್ನು ಅರ್ಧಕ್ಕೆ, ಮತ್ತೆ ಅರ್ಧಕ್ಕೆ, ಮತ್ತೆ ಅರ್ಧಕ್ಕೆ ಮಡಚಬೇಕು, ಪಟ್ಟಿಯಿಂದ ಮಡಿಕೆ ಒತ್ತಬೇಕು, ಪುಟದ ಅಂಕಿ ಸಾಲಾಗಿ ಬರಬೇಕು, ಬಿಚ್ಚಿದರೆ ತಲೆಕೆಳಗಾದ ಸಾಲುಗಳು, ಮಡಚಿದರೆ ನೆಟ್ಟಗೆ, ಆ ಕೆಲಸ ನನ್ನ ಕೈಗೆ ಬಂದ ದಿನ ಕೈ ನಡುಗಲಿಲ್ಲ, ಮೇಡಂ ಸುಮ್ಮನೆ ನಿಂತು ನೋಡಿದರು. ಈಗ ಪ್ರೆಸ್ಸಿನ ದೇವೇಂದ್ರಪ್ಪನವರು ಹೇಳಿದ್ದಾರೆ, ಹುಡುಗನ ಕೈ ಚೊಲೊ ಐತ್ರಿ, ಒಬ್ಬನ ಬಂದು ಒಬ್ಬನ ಹೋಗೂದಾದ್ರ ಸೋಮವಾರದಿಂದ ಬರ್ಲಿ, ಅವರಣ್ಣನ್ನ ದಿನಾ ಎಲ್ಲಿ ಕುಂಡ್ರಸೂಣು ನಾನು. ಒಬ್ಬನೇ ಬರಬೇಕು, ಒಬ್ಬನೇ ಹೋಗಬೇಕು, ಅಷ್ಟೇ ಷರತ್ತು, ಅದಕ್ಕೇ ಇವತ್ತಿನ ಬಸ್ಸು, ಇವತ್ತಿನ ಟಿಕೆಟ್ಟು, ಕಿಸೆ ಮುಟ್ಟಿ ನೋಡುತ್ತೇನೆ, ಇದೆ. ಹೊರಗೆ ಕಪ್ಪತಗುಡ್ಡದ ಸಾಲು, ಮೇಲೆ ಗಾಳಿಯ ಫ್ಯಾನುಗಳು ತಿರುಗುತ್ತಿವೆ, ರಸ್ತೆ ಹೊರಳಿದೆ, ಬಸ್ಸು ಹೊರಳಿದೆ, ಹೊರಳುವಾಗ ಕಿಟಕಿಯಿಂದ ಹಿಂದಿನ ರಸ್ತೆ ಕಾಣುತ್ತದೆ — ಒಂದು ಬೈಕು.

ಬೈಕು ಬರುತ್ತದೆ, ರಸ್ತೆ ಇದ್ದ ಮೇಲೆ ಬೈಕು ಬರುತ್ತದೆ, ಹಿಂದಕ್ಕೆ ನೋಡಬೇಡ, ಗೋಣಿಚೀಲ, ಸರಳು, ಟಿಕೆಟ್ಟು. ಊರೊಂದು ಬಂತು, ಬಸ್ಸು ನಿಂತಿತು, ಇಬ್ಬರು ಇಳಿದರು, ಬೈಕು ಮುಂದೆ ಹೋಗಲಿಲ್ಲ, ಹಿಂದೆಯೇ ಬೇವಿನ ಗಿಡದ ನೆರಳಲ್ಲಿ ನಿಂತಿದೆ, ಮೇಲಿರುವವನ ತಲೆಗೆ ಕಪ್ಪು ಹೆಲ್ಮೆಟ್ಟು, ಬಸ್ಸು ಹೊರಟಿತು, ಬೈಕೂ ಹೊರಟಿತು. ಇಲ್ಲ. ಇದು ಶುರುವಾಗುವುದೇ ಹೀಗೆ, ನನಗೆ ಗೊತ್ತು, ಹತ್ತಿಯ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಿದ್ದಾಗ ಶುರುವಾದದ್ದೂ ಹೀಗೇ, ಬಿಳಿ ಅಂಗಿಯ ಒಬ್ಬ, ಚಹಾದಂಗಡಿಯಲ್ಲಿ ಅವನೇ, ಸ್ಟೇಶನ್ ರೋಡಿನಲ್ಲಿ ಅವನೇ, ನಮ್ಮ ಓಣಿಯ ಬಾಯಿಯಲ್ಲಿ ಅವನೇ, ಅಣ್ಣಾ ಯಾರೋ ನನ್ನ ಹಿಂದ ಬರಾಕತ್ಯಾರ ಎಂದರೆ ಅಣ್ಣ ಅಂಗಡಿಯಿಂದ ಇಳಿದು ಬಂದು ಓಣಿಯ ಈ ತುದಿ ಆ ತುದಿ ನೋಡಿ, ಯಾರೂ ಇಲ್ಲೋ ತಮ್ಮಾ, ನೋಡು, ನೀನ ನೋಡು ಎಂದು ನನ್ನ ಗದ್ದ ಹಿಡಿದು ತಿರುಗಿಸುತ್ತಿದ್ದ, ಮತ್ತೆ ಮತ್ತೆ ಹೇಳಿದರೂ ಮತ್ತೆ ಮತ್ತೆ ಇಳಿದು ನೋಡುತ್ತಿದ್ದ, ಒಂದು ಸಲವೂ ಕೂತಲ್ಲಿಂದಲೇ ಇಲ್ಲ ಎಂದವನಲ್ಲ. ಊರಿನವರು ನಗುತ್ತಿದ್ದರು, ಹುಚ್ಚೀರಪ್ಪ ಅಂತ ಹೆಸರು ಅಣ್ಣಗ, ಶಿವಯೋಗಿ ಅಂತ ತಮ್ಮಗ, ಹೆಸರಿಡುವಾಗ ತೊಟ್ಟಿಲು ಅದಲಿ ಬದಲಿ ಆಗ್ಯಾವ ನೋಡು. ಬಿಳಿ ಅಂಗಿಯವನಿಂದ ತಪ್ಪಿಸಿಕೊಳ್ಳಲು ಒಂದು ಬೆಳಿಗ್ಗೆ ಸಿಕ್ಕ ಬಸ್ಸು ಹತ್ತಿದೆ, ಮುಂಡರಗಿಯಲ್ಲಿ ಇಳಿದೆ, ಅಲ್ಲಿಂದ ನಡೆದೆ, ಚಪ್ಪಲಿ ಎಲ್ಲಿ ಬಿಟ್ಟೆನೋ, ಕೊರ್ಲಹಳ್ಳಿಯ ಸೇತುವೆಯ ಕೆಳಗೆ ಹೊಳೆಯ ಉಸುಕು ಕಾದು ಕೆಂಡ, ಅಂಗಾಲಿಗೆ ಬೊಬ್ಬೆ ಎದ್ದವು, ಕುತ್ತಿಗೆಯ ತನಕ ನೀರಲ್ಲಿ ಕುಳಿತೆ, ನೀರೊಳಗೆ ಇದ್ದರೆ ಕಾಣುವುದಿಲ್ಲ ಎಂದು, ಅಣ್ಣ ಯಾರನ್ನು ಕೇಳುತ್ತಾ ಬಂದನೋ, ಪ್ಯಾಂಟಿನ ಸಮೇತ ಹೊಳೆಗಿಳಿದು ಬಂದು ನನ್ನ ಪಕ್ಕ ತಾನೂ ಕುತ್ತಿಗೆಯ ತನಕ ಕುಳಿತ, ಬಾ ಎನ್ನಲಿಲ್ಲ, ಬಹಳ ಹೊತ್ತಿನ ಮೇಲೆ ನನಗೂ ಥಂಡಿ ಆಗಾಕತ್ತೈತಿ ನೋಡು ಎಂದ, ಆಗ ಇಬ್ಬರೂ ಎದ್ದೆವು.

ಬೈಕು ಇದೆ. ಮೇಡಂ ಇದಕ್ಕೂ ಹೇಳಿಕೊಟ್ಟಿದ್ದಾರೆ, ನಿಮಗ ಖಾತ್ರಿ ಇರದಿದ್ರ ಬಾಜೂಕ ಇದ್ದವರನ್ನ ಕೇಳ್ರಿ, ಅವರಿಗೂ ಕಾಣ್ತೇನು ಅಂತ, ನಾಚಿಕಿ ಪಡಬ್ಯಾಡ್ರಿ. ಕೇಳುತ್ತೇನೆ, ಯಮ್ಮಾ, ಹಿಂದ ಒಂದು ಗಾಡಿ ಬರಾಕತ್ತೈತೇನು, ನೋಡು ಸ್ವಲ್ಪ. ಮುದುಕಿ ಸೆರಗು ಸರಿಮಾಡಿಕೊಂಡು ಕಿಟಕಿಗೆ ಬಗ್ಗಿ ನೋಡುತ್ತಾಳೆ, ಬರಾಕತ್ತೈತಿ, ಟೊಪ್ಪಿಗಿ ಹಾಕ್ಕೊಂಡಾನಲ್ಲ ಅವನಽ, ಯಾಕ, ನಿನಗ ಬೇಕಾದಾಂವನಽ? ಬೇಕಾದವನೋ ಅಲ್ಲವೋ, ಯಾರಿಗೆ ಗೊತ್ತು. ಇದೆ, ಬೈಕು ಇದೆ, ಬೇರೆ ಕಣ್ಣಿಗೂ ಇದೆ, ಆದರೆ ಇರುವುದಾದರೆ ಅವನು ಯಾರು. ಶಿರಹಟ್ಟಿಯ ಸ್ಟ್ಯಾಂಡು, ಡ್ರೈವರ್ ಚಹಾಕ್ಕೆ ಇಳಿದ, ಬಸ್ಸು ಕಾಯುತ್ತಿದೆ, ಮಂಡಕ್ಕಿ ಮಾರುವವನು ಬುಟ್ಟಿ ಹೊತ್ತು ಕಿಟಕಿಯಿಂದ ಕಿಟಕಿಗೆ ಹೋಗುತ್ತಿದ್ದಾನೆ, ಬೈಕಿನವನು ಹೋಟೆಲಿನ ಗೋಡೆಯ ಮಗ್ಗುಲಿಗೆ ನಿಂತ, ಬೆನ್ನು ನನ್ನ ಕಡೆ, ಹೆಲ್ಮೆಟ್ಟು ತೆಗೆದ, ನೀರಿನ ಬಾಟಲಿ ಎತ್ತಿ ಕುಡಿದ, ಮುಖ ಒರೆಸಿಕೊಳ್ಳುತ್ತಾ ಈ ಕಡೆ ಹೊರಳಿದ, ಬಸ್ಸಿನತ್ತ ನೋಡಿದ, ನನ್ನ ಕಿಟಕಿಯನ್ನು ಹುಡುಕಿದ, ನಾನು ತಲೆ ತಗ್ಗಿಸಿದೆ. ಹುಚ್ಚೀರಪ್ಪ. ನಮ್ಮಣ್ಣ. ಮೀಸೆಯ ಮೇಲೆ ನೀರಿನ ಹನಿ ಕೂಡ ಕಂಡಿತು. ಹೆಲ್ಮೆಟ್ಟು ಯಾರದನ್ನು ಕೇಳಿ ತಂದನೋ, ಹುಟ್ಟಿದಾಗಿನಿಂದ ಹೆಲ್ಮೆಟ್ಟು ಹಾಕಿದವನಲ್ಲ.

ಮೊದಲು ನಗು ಬಂತು. ಖರೆ ಹೇಳಬೇಕೆಂದರೆ ಮೊದಲು ನಗುವೇ ಬಂತು, ಇಳಿದು ಹೋಗಿ ಏ ಅಣ್ಣಾ ಸಿಕ್ಕಿಬಿದ್ದಿ ಎನ್ನಬೇಕು ಅನಿಸಿತು, ಆದರೆ ಬಸ್ಸು ಹೊರಟಿತು, ಹೊರಟ ಮೇಲೆ ನಗು ಆರಿಹೋಯಿತು. ಏಕೆಂದರೆ ಈಗ ನಾನು ಇದನ್ನು ಯಾರಿಗೆ ಹೇಳಲಿ? ನನ್ನ ಹಿಂದೆ ಒಬ್ಬ ಬರುತ್ತಿದ್ದಾನೆ — ಈ ಮಾತೇ ನನ್ನ ರೋಗದ ಹೆಸರು, ಈ ಮಾತು ಬಾಯಿಂದ ಬಿದ್ದರೆ ಡಾಕ್ಟರು ಕಣ್ಣು ಕಿರಿದು ಮಾಡುತ್ತಾರೆ, ಗುಳಿಗೆಯ ಬಣ್ಣ ಬದಲಾಗುತ್ತದೆ, ನಾಲಗೆ ದಪ್ಪವಾಗುತ್ತದೆ, ಕೈ ನಡುಗುತ್ತದೆ, ಹಾಳೆಯ ಮಡಿಕೆ ಸೊಟ್ಟವಾಗುತ್ತದೆ. ಹೇಳದಿದ್ದರೆ? ಹೇಳದೆ ಒಳಗೇ ಇಟ್ಟುಕೊಂಡಾಗಲೇ ಅಲ್ಲವೇ ಅದು ಬೆಳೆದದ್ದು, ಮೇಡಂ ಮೊದಲನೇ ದಿನವೇ ಕೈ ಮುಟ್ಟಿ ಮಾತು ತೆಗೆದುಕೊಂಡಿದ್ದಾರೆ, ಕಂಡದ್ದು ಹೇಳ್ರಿ, ಅನಿಸಿದ್ದೂ ಹೇಳ್ರಿ, ಮುಚ್ಚಿಡೂದು ಒಂದು ಬ್ಯಾಡ. ಎಡಕ್ಕೆ ಹೋದರೆ ಗೋಡೆ, ಬಲಕ್ಕೆ ಹೋದರೆ ಗೋಡೆ, ನಡುವೆ ಬಸ್ಸು, ಬಸ್ಸಿನ ಹಿಂದೆ ನನ್ನ ಅಣ್ಣ, ಅವನಿಗೆ ನನ್ನ ಮೇಲೆ ಜೀವ, ಜೀವ ಇದ್ದದ್ದಕ್ಕೇ ಹಿಂದೆ ಬರುತ್ತಿದ್ದಾನೆ, ಮತ್ತೆ ಹೊಳೆಗೆ ಇಳಿದಾನು ಎಂದು, ನಂಬಿಕೆ ಇಲ್ಲದ್ದಕ್ಕೂ ಬರುತ್ತಿದ್ದಾನೆ, ಎರಡೂ ಒಂದೇ ಬೈಕಿನ ಮೇಲೆ. ಮುದುಕಿ ಕೇಳುತ್ತಾಳೆ, ಯಾಕಪ್ಪಾ ಬೆವರಾಕತ್ತೀ, ಖಿಡಿಕಿ ತಗಿ. ತೆಗೆಯುತ್ತೇನೆ, ಎರೆಹೊಲದ ಗಾಳಿ, ಬಿಸಿ, ಹಿಂದಿನಿಂದ ಬೈಕಿನ ಸದ್ದು ಇನ್ನೂ ಸ್ಪಷ್ಟವಾಗಿ ಕೇಳುತ್ತದೆ, ನಮ್ಮ ಬೈಕಿನ ಸದ್ದು, ಸೈಲೆನ್ಸರ್ ತೂತು ಬಿದ್ದದ್ದು, ಗದಗ ಬರುವ ತನಕ ಅದು ನನ್ನ ಬೆನ್ನಿಗೇ ಅಂಟಿಕೊಂಡಿತ್ತು, ನಾನು ತಿರುಗಿ ನೋಡಲಿಲ್ಲ, ತಿರುಗದೇ ಕುಳಿತು ಕುತ್ತಿಗೆ ಮರಗಟ್ಟಿತು.

ಗದಗಿನಲ್ಲಿ ಇಳಿದೆ, ಮುದುಕಿಯ ಚೀಲ ಇಳಿಸಿಕೊಟ್ಟೆ, ಚೊಲೊ ಆಗ್ಲೆಪ್ಪಾ ಎಂದಳು, ಶೇರ್ ಆಟೋದಲ್ಲಿ ಬೆಟಗೇರಿ, ಓಣಿಯಲ್ಲಿ ಮಗ್ಗಗಳ ಸದ್ದು, ಅಗಸಿ ಬಾಗಿಲ ಹತ್ತಿರ ಒಮ್ಮೆ ನಿಂತು ಚಪ್ಪಲಿಯ ಉಂಗುಟ ಸರಿಮಾಡುವವನ ಹಾಗೆ ಬಗ್ಗಿದೆ, ಕಾಲುಗಳ ನಡುವಿನಿಂದ ಕಂಡಿತು, ಅಣ್ಣ ಬೈಕನ್ನು ನೂಕಿಕೊಂಡು ಬರುತ್ತಿದ್ದಾನೆ, ಸದ್ದು ಕೇಳಬಾರದೆಂದು ಎಂಜಿನ್ ಆರಿಸಿ. ಮಗ್ಗದ ಹಳೆಯ ಶೆಡ್ಡೇ ನಮ್ಮ ಕೇಂದ್ರ, ಮೆಟ್ಟಿಲು ಹತ್ತಿ ಮೇಲೆ ಹೋದರೆ ಉದ್ದನೆಯ ಕೋಣೆ, ಮೈದಾ ಅಂಟಿನ ಹುಳಿ ವಾಸನೆ, ಚಾಪೆಯ ಮೇಲೆ ಹಾಳೆಗಳ ಗುಡ್ಡ. ನಾನು ಬಾಗಿಲಲ್ಲಿ ಕಂಡದ್ದೇ ವಾಣಿಶ್ರೀ ಮೇಡಂ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಒಬ್ಬರ ಬಂದ್ರೀ, ಒಬ್ಬರ ಬಂದ್ರೀ ಶಿವಯೋಗಿ, ಎಲ್ಲರೂ ತಟ್ಟಿದರು, ನನ್ನ ಹಾಗೇ ಇಲ್ಲಿಗೆ ಬರುವ ಹುಲಗಪ್ಪ ಯಾಕೆಂದು ಗೊತ್ತಾಗದಿದ್ದರೂ ತಟ್ಟಿದ, ನೀಲಾ ಮಾತ್ರ ತಲೆ ಎತ್ತದೆ ಹಾಳೆ ಮಡಚುತ್ತಿದ್ದಳು, ಹಿರೇಹಂದಿಗೋಳದ ಹುಡುಗಿ, ಅವಳು ಮಾತಾಡುವುದೇ ಅಪರೂಪ. ನೀರು ಕುಡೀರಿ, ಕುಂಡ್ರಿ, ಹೆಂಗಾತು, ಟಿಕೆಟ್ ತಗಿಸಿದ್ರೇನು, ಅಂಜಿಕಿ ಬಂತೇನು, ಬಂತ್ರಿ, ಬಂದಾಗ ಏನು ಮಾಡಿದ್ರಿ, ಗೋಣಿಚೀಲದ ಹೆಸರು ಹೇಳ್ಕೊಂಡೆ, ಮೇಡಂ ನಕ್ಕರು, ಅವರ ಮುಖದಲ್ಲಿ ಇಷ್ಟು ಖುಷಿ ನಾನು ನೋಡಿರಲಿಲ್ಲ, ಆಮೇಲೆ ಅವರು ಯಾವಾಗಲೂ ಕೇಳುವ ಪ್ರಶ್ನೆ, ಕೇಳಲೇಬೇಕಾದ ಪ್ರಶ್ನೆ, ಮತ್ತ ಯಾರರ ಹಿಂದ ಬಂದಂಗ ಅನಿಸ್ತೇನು? ಇಲ್ಲ ಎನ್ನಬೇಕೆಂದು ಬಸ್ಸಿನಲ್ಲೇ ನಿಶ್ಚಯಿಸಿದ್ದೆ, ಇಲ್ಲ ಎಂದರೆ ಸೋಮವಾರ, ಇಲ್ಲ ಎಂದರೆ ಪ್ರೆಸ್ಸು, ಆದರೆ ಅವರು ನನ್ನನ್ನು ನೋಡುತ್ತಿದ್ದರು, ಸುಳ್ಳು ಹೇಳಲು ನಾಲಗೆ ಏಳಲಿಲ್ಲ, ಅನಿಸಲಿಲ್ರಿ ಮೇಡಂ, ಕಂಡೆ, ನಮ್ಮಣ್ಣ ಬಂದಾನ, ಗಾಡಿ ಮ್ಯಾಲೆ, ಹೆಲ್ಮೆಟ್ ಹಾಕ್ಕೊಂಡು, ಶಿರಹಟ್ಟ್ಯಾಗ ಮಾರಿ ನೋಡೇನಿ, ಒಬ್ಬ ಮುದುಕಿಗೂ ಕಾಣಿಸೇತಿ. ಚಪ್ಪಾಳೆಯ ಬೆಳಕು ಅವರ ಮುಖದಲ್ಲಿ ಇತ್ತಲ್ಲ, ಅದು ಒಮ್ಮೆಲೇ ಹೋಗಲಿಲ್ಲ, ಮೆಲ್ಲಗೆ ಹೋಯಿತು, ಹೋಗುವುದನ್ನು ನಾನು ನೋಡಿದೆ. ಹುಚ್ಚೀರಪ್ಪನವರು ಬರಂಗಿಲ್ಲ ಅಂದಿದ್ರಲ್ರಿ, ಎಂದರು. ಅಂದಿದ್ದ್ರಿ, ಆದ್ರೂ ಬಂದಾನ. ಆತು, ಫೋನ್ ಮಾಡಿ ಕೇಳೂಣು, ಕೇಳೋದ್ರಾಗ ತಪ್ಪೇನಿಲ್ಲ, ನಿಮ್ಮ ಮುಂದನ ಕೇಳ್ತೇನಿ. ಒಳ್ಳೆಯ ಹೆಂಗಸು, ಬೇರೆ ಯಾರಾದರೂ ಆಗಿದ್ದರೆ ಕೇಳದೆಯೇ ತಲೆ ಆಡಿಸುತ್ತಿದ್ದರು, ಅವರು ನನ್ನನ್ನು ನಂಬಲು ಒಂದು ದಾರಿ ಹುಡುಕುತ್ತಿದ್ದರು, ಫೋನನ್ನು ಸ್ಪೀಕರಿಗೆ ಹಾಕಿ ಹಾಳೆಗಳ ಮೇಲಿಟ್ಟರು, ನನಗೆ ಧೈರ್ಯ ಬಂತು, ಅಣ್ಣ ಹೌದ್ರಿ ತಪ್ಪಾತು ಎನ್ನುತ್ತಾನೆ, ಎಲ್ಲರೂ ನಗುತ್ತಾರೆ, ಮುಗಿಯಿತು.

ಅಣ್ಣನ ದನಿ, ಹಲೋ ಮೇಡಂ, ನಮಸ್ಕಾರ್ರಿ, ಆರಾಮ ಮುಟ್ಟಿದನಿಲ್ಲೋ? ಮುಟ್ಯಾರ್ರಿ, ನೀವೆಲ್ಲದೀರಿ? ನಾನ್ರಿ — ಇಲ್ಲೇ ಅಂಗಡ್ಯಾಗ ಅದೀನ್ರಿ, ಲಕ್ಷ್ಮೇಶ್ವರದಾಗ. ಕೋಣೆಯಲ್ಲಿ ಎಲ್ಲರ ಕೈ ನಿಂತಿತು, ಹುಲಗಪ್ಪ ನನ್ನ ಮುಖ ನೋಡಿದ. ಮೇಡಂ ಮೆಲ್ಲಗೆ, ನೀವು ಗಾಡಿ ಮ್ಯಾಲೆ ಬಸ್ಸಿನ ಹಿಂದ ಬಂದ್ರಿ ಅಂತಾರಲ್ರಿ ಅವರು. ಫೋನಿನೊಳಗೆ ಉಸಿರು, ಬರೀ ಉಸಿರು, ಹೇಳು ಅಣ್ಣಾ, ಈಗ ಹೇಳು, ಈಗಲೂ ತಡವಾಗಿಲ್ಲ, ಅದೇ ಹೊತ್ತಿಗೆ ಕೆಳಗೆ ಓಣಿಯಲ್ಲಿ ಒಬ್ಬ ಕೂಗಿದ, ಸೌತಿಕಾಯೀ, ಎಳೀ ಸೌತಿಕಾಯೀ, ಕಿಟಕಿಯಿಂದ ಬಂದ ಕೂಗು ಕಿವಿಯಲ್ಲಿ ಆರುವ ಮೊದಲೇ ಫೋನಿನೊಳಗಿಂದಲೂ ಬಂತು, ಸಣ್ಣದಾಗಿ, ಸೌತಿಕಾಯೀ, ಎಳೀ ಸೌತಿಕಾಯೀ. ಮೇಡಂ ಕಿವಿಗೂ ಬಿದ್ದಿರಬೇಕು, ಬಿದ್ದರೇನು, ಲಕ್ಷ್ಮೇಶ್ವರದಲ್ಲೂ ಸೌತೆಕಾಯಿ ಮಾರುತ್ತಾರೆ. ಅಣ್ಣ ಹೇಳಿದ, ಇಲ್ರೀ ಮೇಡಂ, ನಿಮಗ ಮಾತು ಕೊಟ್ಟ ಮ್ಯಾಲೆ ಹೆಂಗ ಬರ್ಲಿ, ಆಮೇಲೆ ದನಿ ತಗ್ಗಿಸಿ, ನಾನು ಕೇಳುತ್ತಿರುವುದು ಗೊತ್ತಿಲ್ಲದೆ, ಪಾಪ, ಅವಂಗ ಹಂಗ ಅನಸ್ತಾವ್ರಿ. ಅನಸ್ತಾವು. ಓಣಿಯ ಈ ತುದಿ ಆ ತುದಿ ಇಳಿದು ನೋಡಿ ಬರುತ್ತಿದ್ದವನು ಇವನೇ.

ನೀಲಾ ನನ್ನ ಪಕ್ಕ ಸರಿದು ಬಂದು, ಕಿಟಕಿಯತ್ತ ಹುಬ್ಬು ಹಾರಿಸಿ, ಪಿಸುಮಾತಿನಲ್ಲಿ, ಅಲ್ಲಿ ಕೆಳಗ ನಿಂತಾರಲ್ರಿ, ಅವರು ನಿಮ್ಮಣ್ಣಾರಲ್ಲನ್ರಿ? ನೀಲಾಗೆ ಕಂಡಿದೆ. ನೀಲಾಗೆ ಕಂಡದ್ದನ್ನು ಯಾರು ಕಂಡದ್ದು ಎನ್ನುತ್ತಾರೆ, ಅವಳಿಗೆ ಗೋಡೆಯಲ್ಲಿ ಮುಖಗಳೂ ಕಾಣುತ್ತಿದ್ದವು. ಬೇಡ ನೀಲಾ, ಸುಮ್ಮನಿರು ಎಂದು ಕಣ್ಣಲ್ಲೇ ಹೇಳಿದೆ. ಎದ್ದು ಕಿಟಕಿಗೆ ಹೋದೆ, ಮೇಡಂ ಕರೆಯುತ್ತಿದ್ದಾರೆ, ಶಿವಯೋಗಿ, ಏನು ನೋಡಾಕತ್ತೀರಿ, ಬರ್ರಿ, ಕುಂಡ್ರಿ, ಹೆದರಬ್ಯಾಡ್ರಿ. ಕೆಳಗೆ, ಹಾಳು ಮಗ್ಗದ ಮನೆಯ ಗೋಡೆಯ ನೆರಳಲ್ಲಿ, ಹೆಲ್ಮೆಟ್ಟು ತೋಳಿಗೆ ಸಿಕ್ಕಿಸಿಕೊಂಡು ಅಣ್ಣ, ಒಂದು ಕೈಯಲ್ಲಿ ಕಿವಿಗೆ ಫೋನು, ಇನ್ನೊಂದು ಕೈಯನ್ನು ಬಾಯಿಯ ಮೇಲೆ ಮುಚ್ಚಿಕೊಂಡಿದ್ದಾನೆ, ಓಣಿಯ ಸದ್ದು ಫೋನಿನೊಳಗೆ ಹೋಗದಿರಲಿ ಎಂದು. ಕೂಗಬಹುದು. ಒಂದೇ ಕೂಗು, ಅಣ್ಣಾ, ಅವನು ತಲೆ ಎತ್ತುತ್ತಾನೆ, ಮೇಡಂ ಬಂದು ನೋಡುತ್ತಾರೆ, ನಾನು ನೆಟ್ಟಗಿದ್ದೇನೆ ಎಂದು ಇಡೀ ಕೋಣೆಗೆ ಗೊತ್ತಾಗುತ್ತದೆ, ಸೋಮವಾರ ನನ್ನದಾಗುತ್ತದೆ, ಮತ್ತು ಹುಚ್ಚೀರಪ್ಪ, ಲಕ್ಷ್ಮೇಶ್ವರದ ಬಜಾರದಲ್ಲಿ ಯಾರೂ ಸುಳ್ಳುಗಾರ ಎನ್ನದ ಹುಚ್ಚೀರಪ್ಪ, ಈ ಓಣಿಯಲ್ಲಿ ಹೆಲ್ಮೆಟ್ಟು ತೂಗಿಸಿಕೊಂಡು ತಲೆ ಎತ್ತಿ ನಿಲ್ಲಬೇಕಾಗುತ್ತದೆ, ನಮ್ಮೆಲ್ಲರ ಕಣ್ಣ ಮುಂದೆ. ಬಾಯಿ ತೆರೆದೆ. ಕುತ್ತಿಗೆಯ ತನಕ ನೀರು ಇತ್ತು. ಇಲ್ರಿ ಮೇಡಂ, ಎಂದೆ, ಕಿಟಕಿಯ ಕಡೆಯೇ ಮುಖ ಮಾಡಿ, ಯಾರೂ ಇಲ್ರಿ, ನನಗ ಅನಿಸಿದ್ದು. ಹಿಂದಿನಿಂದ ಅವರ ದನಿ, ಮೆತ್ತಗೆ, ಸಮಾಧಾನದಿಂದ, ಅನಿಸಿದ್ದು ಅಂತ ನಿಮಗ ಗೊತ್ತಾತಲ್ಲ, ಅದು ದೊಡ್ಡ ಮಾತ್ರಿ, ಸೋಮವಾರ ಅವಸರ ಬ್ಯಾಡ, ಡಾಕ್ಟರನ್ನ ಒಂದು ಮಾತು ಕೇಳೂಣು, ಇನ್ನ ಸ್ವಲ್ಪ ದಿನ ಅಣ್ಣಾರ ಜೋಡಿನಽ ಬರ್ರಿ. ಹೂಂನ್ರಿ. ಹುಲಗಪ್ಪ ಮತ್ತೆ ಚಪ್ಪಾಳೆ ತಟ್ಟಿದ, ಯಾರೋ ಅವನ ಕೈ ಹಿಡಿದರು. ಸ್ಪೀಕರಿನಲ್ಲೇ ಇದ್ದ ಫೋನು ಈಗ ಮುಗಿಯಿತು, ನನ್ನ ಮಾತು ಅವನಿಗೂ ಕೇಳಿಸಿರಬೇಕು, ಕೆಳಗೆ ಅಣ್ಣ ಫೋನನ್ನು ಕಿಸೆಗೆ ಹಾಕಿದ, ಬೈಕಿನ ಕಡೆ ಹೋಗಲಿಲ್ಲ, ಗೋಡೆಗೆ ಒರಗಿದ, ಸೌತೆಕಾಯಿಯವನು ಅವನ ಮುಂದೆಯೇ ಕೂಗುತ್ತಾ ಹಾದುಹೋದ, ಅಣ್ಣ ಅಲುಗಲಿಲ್ಲ, ಫೋನು ಇಟ್ಟಾಯಿತು, ಮಾತು ಮುಗಿಯಿತು, ಕೇಳುವವರು ಯಾರೂ ಇಲ್ಲ, ಆದರೂ ಆ ಕೈ ಬಾಯಿಯ ಮೇಲೇ ಇದೆ, ತೆಗೆಯುತ್ತಿಲ್ಲ, ಬೆರಳುಗಳು ಕೆನ್ನೆಗೆ ಊರಿಕೊಂಡಿವೆ, ಶಿವಯೋಗಿ ಬರ್ರಿ ಎನ್ನುತ್ತಿದ್ದಾರೆ, ಬಂದೆ ಎನ್ನುತ್ತೇನೆ, ಹೋಗುವುದಿಲ್ಲ, ಕೈ, ಬಾಯಿಯ ಮೇಲೆ ಕೈ, ತೆಗಿ ಅಣ್ಣಾ, ಕೈ ತೆಗಿ, ಬಾಯಿಯ ಮೇಲೆ ಕೈ